ಹೋಮ್‌ವರ್ಕ್ ಕೊಟ್ಟ ಸನ್ಯಾಸಿ: ಲೂಕಾ ಪಾಚೋಲಿ



ಈ ಸಂಚಿಕೆಗೆ ಒಬ್ಬ ಗಣಿತಜ್ಞರ ಜೀವನದ ಬಗ್ಗೆ ಬರೆದುಕೊಡ್ತೀವಿ ಅಂತ ನಾವು ಒಪ್ಪಿಕೊಂಡಾಗ ತಲೇಲಿ ಇದ್ದಿದ್ದು ಆಯ್ಲರ್, ಫೊರಿಯರ್, ಲಾಪ್ಲಾಸ್. ಅಂದ್ರೆ ಪ್ರತಿ ಸೆಮ್‌ನಲ್ಲೂ ನಮ್ಮನ್ನ ಕಾಡೋ ಹೆಸರುಗಳು. ಆದ್ರೆ ಮಧ್ಯದಲ್ಲಿ ಎರಡು ವಿಷಯ ಆದ್ವು. ಮೊದಲನೆಯದು, ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಅಕೌಂಟ್ಸ್‌ನ ಹನ್ನೆರಡು ಲೆಕ್ಕ ಅಸೈನ್‌ಮೆಂಟ್ ಆಗಿ ಬಂತು. ಎರಡನೆಯದು, ನಮ್ಮ ಸಂಘದ ರಾಜ್ಯೋತ್ಸವದ ಖರ್ಚಿನ ಲೆಕ್ಕ ಒಪ್ಪಿಸೋ ದಿನ ಹತ್ತಿರ ಬಂತು, ಲೆಕ್ಕ ತಾಳೆ ಆಗಲಿಲ್ಲ. ಸರಿಯಾಗಿ 360 ರೂಪಾಯಿ ವ್ಯತ್ಯಾಸ.

360 ರೂಪಾಯಿ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ದುಡ್ಡಿನ ಪೆಟ್ಟಿಗೆ ನಮ್ಮಲ್ಲೇ ಒಬ್ಬನ ಹತ್ತಿರ ಇತ್ತು. ಯಾರೂ ಅವನನ್ನ ಏನೂ ಕೇಳಲಿಲ್ಲ, ಆದ್ರೆ ಎಲ್ಲರೂ ಒಂದು ಕ್ಷಣ ಅವನ ಮುಖ ನೋಡಿದ್ವಿ. ಅದು ಅವನಿಗೂ ಗೊತ್ತಾಯ್ತು. ಅವತ್ತು ರಾತ್ರಿ ಹಾಸ್ಟೆಲ್ ರೂಮಲ್ಲಿ ಕೂತು ಈ ಡೆಬಿಟ್ಟು ಕ್ರೆಡಿಟ್ಟು ಯಾವ ಪುಣ್ಯಾತ್ಮ ಕಂಡುಹಿಡಿದನೋ ಅಂತ ಬೈಕೊಂಡು ಹುಡುಕಿದಾಗ ಸಿಕ್ಕಿದ್ದು ಲೂಕಾ ಪಾಚೋಲಿ ಅನ್ನೋ ಹೆಸರು. ಅವರು ಇದನ್ನ ಕಂಡುಹಿಡಿದವರಲ್ಲ, ಅದು ಆಮೇಲೆ ಗೊತ್ತಾಯ್ತು. ಆದ್ರೆ ಓದ್ತಾ ಹೋದ ಹಾಗೆ ಆಯ್ಲರ್ ಮರೆತೇ ಹೋದರು.

ಊರು, ಬಾಲ್ಯ, ಅಬಾಕೊ

ಲೂಕಾ ಪಾಚೋಲಿ ಹುಟ್ಟಿದ್ದು ಸುಮಾರು 1447ರಲ್ಲಿ, ಇಟಲಿಯ ಟಸ್ಕನಿ ಪ್ರದೇಶದ ಸಾನ್‌ಸೆಪೋಲ್ಕ್ರೊ ಅನ್ನೋ ಚಿಕ್ಕ ಊರಲ್ಲಿ. ಆಗ ಇಟಲಿ ಅಂತ ಒಂದೇ ದೇಶ ಇರಲಿಲ್ಲ. ವೆನಿಸ್, ಫ್ಲಾರೆನ್ಸ್, ಮಿಲಾನ್, ನೇಪಲ್ಸ್ ಎಲ್ಲ ಬೇರೆ ಬೇರೆ ರಾಜ್ಯಗಳು, ಬೇರೆ ಬೇರೆ ನಾಣ್ಯಗಳು. ಲೂಕಾ ಅವರದ್ದು ದೊಡ್ಡ ಮನೆತನ ಅಲ್ಲ. ಬಾಲ್ಯದ ಒಂದಷ್ಟು ಕಾಲ ಅದೇ ಊರಿನ ಬೆಫೋಲ್ಚಿ ಅನ್ನೋ ಕುಟುಂಬದ ಆಸರೆಯಲ್ಲಿ ಬೆಳೆದರು.

ಆ ಕಾಲದಲ್ಲಿ ದೊಡ್ಡ ವಿದ್ಯೆ ಬೇಕು ಅಂದ್ರೆ ಲ್ಯಾಟಿನ್ ಕಲೀಬೇಕಿತ್ತು. ವ್ಯಾಪಾರಿಗಳ ಮಕ್ಕಳಿಗೆ ಬೇರೆ ಶಾಲೆಗಳಿದ್ವು, ಅವನ್ನ ಅಬಾಕೊ ಶಾಲೆ ಅಂತ ಕರೀತಿದ್ರು. ಹೆಸರು ಕೇಳಿ ಮಣಿ ಚೌಕಟ್ಟಿನ ಅಬಾಕಸ್ ಕ್ಲಾಸ್ ಅಂದ್ಕೋಬೇಡಿ. ಅಲ್ಲಿ ಕಲಿಸ್ತಿದ್ದಿದ್ದು ಕಾಗದದ ಮೇಲೆ ಅಂಕಿ ಬರೆದು ಲೆಕ್ಕ ಮಾಡೋದು, ಅದೂ ನಮ್ಮ ದೇಶದಿಂದ ಅರಬರ ಮೂಲಕ ಹೋದ ಅಂಕಿಗಳಲ್ಲಿ. 1202ರಲ್ಲಿ ಪೀಸಾದ ಲಿಯೊನಾರ್ಡೊ, ಅಂದ್ರೆ ನಮಗೆಲ್ಲ ಕೋಡಿಂಗ್ ಲ್ಯಾಬಲ್ಲಿ ಪರಿಚಯ ಇರೋ ಫಿಬೊನಾಚಿ, ಈ ಅಂಕಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ದರು. ಅದರ ನಂತರ ಎರಡೂವರೆ ಶತಮಾನ ಈ ಶಾಲೆಗಳಲ್ಲಿ ಮಕ್ಕಳು ಮಾಡಿದ್ದು ಒಂದೇ ಕೆಲಸ, ಲೆಕ್ಕದ ಮೇಲೆ ಲೆಕ್ಕ. ಇಷ್ಟು ಬಟ್ಟೆಗೆ ಇಷ್ಟಾದ್ರೆ ಅಷ್ಟು ಬಟ್ಟೆಗೆ ಎಷ್ಟು? ಮೆಣಸು ಕೊಟ್ಟು ಉಣ್ಣೆ ತಗೊಂಡ್ರೆ ಯಾರಿಗೆ ನಷ್ಟ?

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ಯೂನಿಟರಿ ಮೆಥಡ್. ಮನೇಲಿ ಹಿರಿಯರು ಇದನ್ನೇ ತ್ರೈರಾಶಿಕ ಅಂತಾರೆ. ಇಟಲಿಯ ವ್ಯಾಪಾರಿಗಳೂ ಇದಕ್ಕೆ ಇಟ್ಟ ಹೆಸರು ಹೆಚ್ಚುಕಮ್ಮಿ ಅದೇ, ಮೂರರ ನಿಯಮ.

ಮೂರು ಹುಡುಗರ ಮೇಷ್ಟ್ರು

ಹದಿನೇಳು ಹದಿನೆಂಟರ ವಯಸ್ಸಲ್ಲಿ, ಅಂದ್ರೆ ಸುಮಾರು 1464ರಲ್ಲಿ, ಲೂಕಾ ವೆನಿಸ್‌ಗೆ ಹೋದರು. ನಮಗಿಂತ ಒಂದೆರಡು ವರ್ಷ ಚಿಕ್ಕವರು. ಅಲ್ಲಿ ಅಂತೋನಿಯೊ ರೊಂಪಿಯಾಸಿ ಅನ್ನೋ ವ್ಯಾಪಾರಿಯ ಮನೆಯಲ್ಲಿ ಉಳಿದುಕೊಂಡು, ಅವರ ಮೂರು ಗಂಡುಮಕ್ಕಳಿಗೆ ಪಾಠ ಹೇಳೋ ಕೆಲಸ. ಈಗಿನ ಭಾಷೆಯಲ್ಲಿ ಹೇಳ್ಬೇಕಂದ್ರೆ ಹೋಮ್ ಟ್ಯೂಷನ್. ಜೊತೆಗೆ ತಾವೂ ಡೊಮೆನಿಕೊ ಬ್ರಗಾದಿನೊ ಅನ್ನೋ ಗುರುಗಳ ಹತ್ತಿರ ಗಣಿತ ಕಲಿತರು. ರೊಂಪಿಯಾಸಿಯವರ ಸರಕಿನ ಜೊತೆ ಹಡಗಿನಲ್ಲೂ ಓಡಾಡಿದರು. ವ್ಯಾಪಾರ ಅನ್ನೋದು ಅವರಿಗೆ ಪುಸ್ತಕದಿಂದ ಬಂದಿದ್ದಲ್ಲ, ಬಂದರಿನಿಂದ ಬಂದಿದ್ದು.

1470ರಲ್ಲಿ ಆ ಮೂರು ಹುಡುಗರಿಗೋಸ್ಕರ ಅಂತಲೇ ಒಂದು ಅಂಕಗಣಿತದ ಪುಸ್ತಕ ಬರೆದರು. ಅದು ಈಗ ಸಿಗಲ್ಲ, ಕಳೆದುಹೋಗಿದೆ. ಅವರ ಬರವಣಿಗೆ ಶುರುವಾಗಿದ್ದು ಯಾವ ರಾಜನಿಗಾಗಿಯೂ ಅಲ್ಲ, ಪಂಡಿತರಿಗಾಗಿಯೂ ಅಲ್ಲ. ಲೆಕ್ಕ ಅರ್ಥ ಆಗದ ಮೂರು ಹುಡುಗರಿಗಾಗಿ. ಇದು ನಮಗೆ ತುಂಬಾ ಹಿಡಿಸಿತು.

ರೊಂಪಿಯಾಸಿ ತೀರಿಕೊಂಡ ಮೇಲೆ ಲೂಕಾ ರೋಮ್‌ಗೆ ಹೋಗಿ ಕೆಲ ತಿಂಗಳು ಲಿಯೊನ್ ಬತಿಸ್ತಾ ಆಲ್ಬೆರ್ಟಿ ಅನ್ನೋ ಪ್ರಸಿದ್ಧ ವಾಸ್ತುಶಿಲ್ಪಿಯ ಮನೆಯಲ್ಲಿದ್ದರು. 1470ರ ದಶಕದಲ್ಲೇ ಫ್ರಾನ್ಸಿಸ್ಕನ್ ಸಂಪ್ರದಾಯಕ್ಕೆ ಸೇರಿ ಸನ್ಯಾಸಿ ಆದರು. ಫ್ರಾನ್ಸಿಸ್ಕನ್ನರು ಅಂದ್ರೆ ಬಡತನವನ್ನೇ ವ್ರತ ಮಾಡಿಕೊಂಡವರು. ಸ್ವಂತ ಆಸ್ತಿ ಬೇಡ ಅಂತ ಪ್ರತಿಜ್ಞೆ ಮಾಡಿದ ಮನುಷ್ಯ ಮುಂದೆ ಇಡೀ ಯುರೋಪಿನ ವ್ಯಾಪಾರಿಗಳಿಗೆ ಆಸ್ತಿ ಲೆಕ್ಕ ಬರೆಯೋದು ಹೇಗೆ ಅಂತ ಕಲಿಸಿಕೊಟ್ಟರು.

ಸನ್ಯಾಸಿ ಆದ್ರೂ ಮೇಷ್ಟ್ರುಗಿರಿ ಬಿಡಲಿಲ್ಲ. 1477ರಿಂದ ಪೆರುಜಾ ವಿಶ್ವವಿದ್ಯಾಲಯದಲ್ಲಿ ಪಾಠ. ಅಲ್ಲಿನ ವಿದ್ಯಾರ್ಥಿಗಳಿಗಾಗಿ 1478ರಲ್ಲಿ ಇನ್ನೊಂದು ದಪ್ಪ ಪುಸ್ತಕ ಕೈಯಲ್ಲೇ ಬರೆದರು. ಅದರ ಹಸ್ತಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಅದರ ತುಂಬಾ ವ್ಯಾಪಾರದ ಲೆಕ್ಕಗಳು: ಬಡ್ಡಿ, ಪಾಲುದಾರಿಕೆ, ಸರಕಿಗೆ ಸರಕು ವಿನಿಮಯ, ಒಂದೂರಿನ ನಾಣ್ಯದಿಂದ ಇನ್ನೊಂದೂರಿನ ನಾಣ್ಯಕ್ಕೆ ಬದಲಾವಣೆ.

ಅಲ್ಲಿಂದ ಮುಂದೆ ಊರೂರು ಸುತ್ತಾಟ. ಈಗ ಕ್ರೊವೇಷಿಯಾದಲ್ಲಿರೋ ಜಾರಾ, ಫ್ಲಾರೆನ್ಸ್, ರೋಮ್, ನೇಪಲ್ಸ್, ಹೀಗೆ. ಸ್ವಂತ ಊರಿಗೆ ಬಂದಾಗ ಅಲ್ಲಿನ ಧಾರ್ಮಿಕರ ಮಧ್ಯೆ ಅಸೂಯೆ ಎದ್ದು, 1491ರಲ್ಲಿ ಸಾನ್‌ಸೆಪೋಲ್ಕ್ರೊದಲ್ಲಿ ಪಾಠ ಮಾಡಕೂಡದು ಅಂತ ಇವರ ಮೇಲೆ ನಿಷೇಧವೂ ಬಂತು. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಹಾಗೆ.

ಒಂದು ಲೆಕ್ಕ, ಎರಡು ಉತ್ತರ

ಪಾಚೋಲಿ ಅವರ ಲೆಕ್ಕಗಳು ಹೇಗಿರ್ತಿದ್ವು ಅಂತ ಗೊತ್ತಾಗೋಕೆ ನಮ್ಮ ಅಸೈನ್‌ಮೆಂಟ್‌ನದ್ದೇ ಮಾದರಿಯ ಒಂದು ಲೆಕ್ಕ ನೋಡೋಣ. ಇದು ಅವರ ಪುಸ್ತಕದ ಲೆಕ್ಕ ಅಲ್ಲ, ಆದ್ರೆ ಅದೇ ಜಾತಿಯದ್ದು.

ಮೂರು ಜನ ಸೇರಿ ವ್ಯಾಪಾರ ಮಾಡ್ತಾರೆ. ಮೊದಲನೆಯವನು 12,000 ರೂಪಾಯಿ ಹಾಕಿ 12 ತಿಂಗಳು ಬಿಡ್ತಾನೆ. ಎರಡನೆಯವನು 18,000 ಹಾಕಿ 8 ತಿಂಗಳು. ಮೂರನೆಯವನು 24,000 ಹಾಕಿ 6 ತಿಂಗಳು. ಲಾಭ 9,000. ಯಾರಿಗೆ ಎಷ್ಟು?

ನಾವು ಕಣ್ಣುಮುಚ್ಚಿ ಬಂಡವಾಳದ ಅನುಪಾತ ತಗೊಂಡ್ವಿ. 12, 18, 24 ಅಂದ್ರೆ 2, 3, 4. ಹಾಗಾಗಿ 2,000, 3,000, 4,000. ಒಟ್ಟು ಸರಿಯಾಗಿ 9,000 ಬಂತು. ಕೂಡಿದ್ರೆ ಸರಿ ಬಂತಲ್ಲ, ಹಾಗಾದ್ರೆ ಉತ್ತರ ಸರಿ ಅಂತ ಮುಂದೆ ಹೋದ್ವಿ.

ತಪ್ಪು. ದುಡ್ಡು ಎಷ್ಟು ಅನ್ನೋದರ ಜೊತೆ ಎಷ್ಟು ದಿನ ಇತ್ತು ಅನ್ನೋದೂ ಮುಖ್ಯ. ದುಡ್ಡನ್ನ ತಿಂಗಳಿಂದ ಗುಣಿಸಬೇಕು. 12,000ಕ್ಕೆ 12 ತಿಂಗಳು, 1,44,000. 18,000ಕ್ಕೆ 8 ತಿಂಗಳು, ಅದೂ 1,44,000. 24,000ಕ್ಕೆ 6, ಅದೂ ಅಷ್ಟೇ. ಮೂವರಿಗೂ ಸಮಪಾಲು, ತಲಾ 3,000. ಅಂದ್ರೆ ನಮ್ಮ ಲೆಕ್ಕದಲ್ಲಿ ಕಡಿಮೆ ದುಡ್ಡು ಇದ್ರೂ ವರ್ಷಪೂರ್ತಿ ಬಿಟ್ಟವನಿಗೆ ಸಾವಿರ ರೂಪಾಯಿ ಮೋಸ ಆಗಿತ್ತು, ನಮಗೆ ಗೊತ್ತೇ ಆಗಲಿಲ್ಲ. ಬರೀ ಮೊತ್ತ ಸರಿ ಬಂದ್ರೆ ಲೆಕ್ಕ ಸರಿ ಅಂತ ಅರ್ಥ ಅಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಇಂಥ ಲೆಕ್ಕಗಳು ಇಟಲಿಯ ಸ್ವತ್ತೇನಲ್ಲ. ಪಾಚೋಲಿಗಿಂತ ಆರು ಶತಮಾನ ಮೊದಲೇ, ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದಿದ್ದರು. ಬಡ್ಡಿ, ಮಿಶ್ರಣ, ಪಾಲು ಹಂಚಿಕೆ, ಎಲ್ಲ ಅದರಲ್ಲಿದೆ. ಅದು ಸಂಸ್ಕೃತದಲ್ಲಿತ್ತು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಅಂತ ಬರೆದ. ಜನರ ಭಾಷೆಯಲ್ಲಿ ಲೆಕ್ಕ ಹೇಳಬೇಕು ಅನ್ನೋ ಯೋಚನೆ ನಮ್ಮಲ್ಲೂ ಹಳೆಯದೇ.

1494ರ ದೊಡ್ಡ ಪುಸ್ತಕ

1494ರ ನವೆಂಬರ್‌ನಲ್ಲಿ ವೆನಿಸ್‌ನಲ್ಲಿ ಪಗಾನಿನೊ ಪಗಾನಿನಿ ಅನ್ನೋ ಮುದ್ರಕರ ಹತ್ತಿರ ಪಾಚೋಲಿ ಅವರ ಮಹಾಗ್ರಂಥ ಅಚ್ಚಾಯ್ತು. ಚಿಕ್ಕದಾಗಿ ಅದನ್ನ ಸುಮ್ಮಾ ಅಂತ ಕರೀತಾರೆ. ಸುಮಾರು 600 ದೊಡ್ಡ ಪುಟಗಳು. ಅಂಕಗಣಿತ, ಬೀಜಗಣಿತ, ರೇಖಾಗಣಿತ, ವ್ಯಾಪಾರದ ಲೆಕ್ಕ, ಅಂದಿನವರೆಗೆ ಗೊತ್ತಿದ್ದ ಲೆಕ್ಕವನ್ನೆಲ್ಲ ಒಂದೇ ಕಡೆ ಸೇರಿಸೋ ಪ್ರಯತ್ನ. ಯುರೋಪಿನಲ್ಲಿ ಅಚ್ಚುಮೊಳೆ ಮುದ್ರಣ ಶುರುವಾಗಿ ಇನ್ನೂ ಅರ್ಧ ಶತಮಾನ ಆಗಿರಲಿಲ್ಲ. ಪಂಡಿತರ ಲ್ಯಾಟಿನ್ ಬಿಟ್ಟು ಜನ ಆಡೋ ಇಟಾಲಿಯನ್‌ನಲ್ಲಿ ಬರೆದಿದ್ದರಿಂದ ಅಂಗಡಿಯವರೂ ಕುಶಲಕರ್ಮಿಗಳೂ ಓದಬಹುದಿತ್ತು.

ಇದರಲ್ಲಿ ಇರೋದೆಲ್ಲ ತಮ್ಮದೇ ಅಂತ ಅವರು ಹೇಳಿಕೊಳ್ಳಲಿಲ್ಲ. ಯೂಕ್ಲಿಡ್, ಬೊಯೆಥಿಯಸ್, ಫಿಬೊನಾಚಿ ಇವರಿಂದೆಲ್ಲ ತಗೊಂಡಿದ್ದು ಅಂತ ಒಪ್ಪಿಕೊಂಡಿದ್ದಾರೆ. ಒಳ್ಳೆ ಸೀನಿಯರ್ ನೋಟ್ಸ್ ಇದ್ದ ಹಾಗೆ ಅಂದುಕೊಳ್ಳಿ. ಹೊಸ ಸಿದ್ಧಾಂತ ಇರಲ್ಲ, ಆದ್ರೆ ಅದಿಲ್ಲದೆ ಯಾರೂ ಪಾಸಾಗಲ್ಲ.

ಅದರಲ್ಲಿ ನಮಗೆ ಇಷ್ಟ ಆದ ಒಂದು ವಿಷಯ 72ರ ನಿಯಮ. ದುಡ್ಡು ಎಷ್ಟು ವರ್ಷಕ್ಕೆ ಎರಡು ಪಟ್ಟಾಗುತ್ತೆ ಅಂತ ತಿಳೀಬೇಕಾದ್ರೆ 72ನ್ನ ಬಡ್ಡಿ ದರದಿಂದ ಭಾಗಿಸಿ. 8 ಪರ್ಸೆಂಟ್ ಆದ್ರೆ 9 ವರ್ಷ. ಕ್ಯಾಲ್ಕುಲೇಟರ್‌ನಲ್ಲಿ 1.08ರ ಘಾತ 9 ಹಾಕಿ ನೋಡಿ, 1.999 ಬರುತ್ತೆ. ಲಾಗರಿದಮ್ ಬರೋಕೆ ನೂರು ವರ್ಷಕ್ಕೂ ಮುಂಚೆ ಅಚ್ಚಾದ ಪುಸ್ತಕದಲ್ಲಿ ಈ ನಿಯಮ ಇದೆ.

ಅವರು ಎಡವಿದ ಲೆಕ್ಕವೂ ಇದರಲ್ಲೇ ಇದೆ. ಒಂದು ಚೆಂಡಿನ ಆಟ, ಒಂದು ಸುತ್ತು ಗೆದ್ರೆ 10 ಅಂಕ, 60 ಅಂಕ ಬಂದವರು ಗೆದ್ದ ಹಾಗೆ. ಒಂದು ತಂಡ 50ರಲ್ಲಿ, ಇನ್ನೊಂದು 20ರಲ್ಲಿ ಇರುವಾಗ ಆಟ ನಿಂತುಹೋಯ್ತು. ಪಣದ ದುಡ್ಡು ಹೇಗೆ ಹಂಚೋದು? ಪಾಚೋಲಿ ಕೊಟ್ಟ ಉತ್ತರ 5ಕ್ಕೆ 2, ಗಳಿಸಿದ ಅಂಕದ ಅನುಪಾತ. ಪ್ರಾಬಬಿಲಿಟಿ ಓದಿದವರಿಗೆ ತಪ್ಪು ಕಾಣುತ್ತೆ. ಎರಡೂ ತಂಡ ಸಮಬಲ ಅಂದ್ಕೊಂಡ್ರೆ, ಹಿಂದಿರೋ ತಂಡ ಸತತ ನಾಲ್ಕು ಸುತ್ತು ಗೆಲ್ಲಬೇಕು, ಅದರ ಸಾಧ್ಯತೆ 16ರಲ್ಲಿ 1. ಹಾಗಾಗಿ ಹಂಚಿಕೆ 15ಕ್ಕೆ 1. ಈ ಜಾತಿಯ ಲೆಕ್ಕವನ್ನ ಸರಿಯಾಗಿ ಬಿಡಿಸಿದ್ದು 1654ರಲ್ಲಿ ಪಾಸ್ಕಲ್ ಮತ್ತು ಫೆರ್ಮಾ, ಪತ್ರ ಬರೆದುಕೊಂಡು. ನಮ್ಮ ಪ್ರಾಬಬಿಲಿಟಿ ಸಿಲಬಸ್ ಹುಟ್ಟಿದ್ದು ಅಲ್ಲಿಂದ. ಅಂದ್ರೆ ಪಾಚೋಲಿ ತಪ್ಪು ಮಾಡಿದ ಹೋಮ್‌ವರ್ಕ್ ಮುಗಿಸೋಕೆ ಜಗತ್ತಿಗೆ 160 ವರ್ಷ ಬೇಕಾಯ್ತು. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಹೋದಾಗ ಇದನ್ನ ನೆನೆಸಿಕೊಂಡ್ರೆ ಸಮಾಧಾನ ಆಗುತ್ತೆ.

ಮೂರು ಪುಸ್ತಕ, ಎರಡು ಗೆರೆ

ಪಾಚೋಲಿ ಹೆಸರು ಉಳಿದಿದ್ದು ಆ 600 ಪುಟಗಳಿಂದ ಅಲ್ಲ, ಅದರೊಳಗಿನ 36 ಚಿಕ್ಕ ಅಧ್ಯಾಯಗಳ ಒಂದು ಭಾಗದಿಂದ. ವೆನಿಸ್‌ನ ವ್ಯಾಪಾರಿಗಳು ಲೆಕ್ಕ ಬರೆಯೋ ಪದ್ಧತಿಯನ್ನ ಅದರಲ್ಲಿ ವಿವರಿಸಿದ್ದಾರೆ. ಈ ಪದ್ಧತಿ ಅವರದ್ದಲ್ಲ. ಜಿನೋವಾ ನಗರದ 1340ರ ಸರ್ಕಾರಿ ಲೆಕ್ಕದಲ್ಲೇ ಇದು ಕಾಣುತ್ತೆ. ಬೆನೆದೆತ್ತೊ ಕೊತ್ರುಲಿ ಅನ್ನೋವರು 1458ರಲ್ಲೇ ಇದರ ಬಗ್ಗೆ ಬರೆದಿದ್ದರು, ಆದ್ರೆ ಅವರ ಪುಸ್ತಕ ಅಚ್ಚಾಗಿದ್ದು 1573ರಲ್ಲಿ. ಮೊದಲು ಅಚ್ಚು ಹಾಕಿ ಎಲ್ಲರ ಕೈಗೆ ಕೊಟ್ಟಿದ್ದು ಪಾಚೋಲಿ.

ಮೊದಲ ಕೆಲಸ, ನಿಮ್ಮ ಹತ್ತಿರ ಇರೋದೆಲ್ಲದರ ಪಟ್ಟಿ ಮಾಡಿ. ನಗದು, ಒಡವೆ, ಬಟ್ಟೆ, ಮನೆ, ಬರಬೇಕಾದ ಸಾಲ, ಕೊಡಬೇಕಾದ ಸಾಲ. ಆಮೇಲೆ ಮೂರು ಪುಸ್ತಕ.

ಮೊದಲನೆಯದು ಕಚ್ಚಾ ಪುಸ್ತಕ. ವ್ಯವಹಾರ ನಡೆದ ಕೂಡಲೇ ಅದರಲ್ಲಿ ಬರೀಬೇಕು, ಮನೆಯವರು ಯಾರು ಬೇಕಾದ್ರೂ ಬರೀಬಹುದು, ಯಾವ ನಾಣ್ಯದಲ್ಲಿ ಬೇಕಾದ್ರೂ. ಎರಡನೆಯದು ಜರ್ನಲ್, ನಮ್ಮ ಹಳೆ ಅಂಗಡಿಗಳಲ್ಲಿ ಕಿರ್ದಿ ಅಂತಾರಲ್ಲ, ಹೆಚ್ಚುಕಮ್ಮಿ ಅದು. ಅದರಲ್ಲಿ ಎಲ್ಲವನ್ನೂ ಒಂದೇ ನಾಣ್ಯಕ್ಕೆ ತಂದು, ಯಾವ ಖಾತೆಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್ ಅಂತ ತೀರ್ಮಾನ ಮಾಡಿ ಬರೀಬೇಕು. ಎರಡರ ಮಧ್ಯೆ ಎರಡು ಓರೆ ಗೆರೆ. ಹೌದು, ನಾವು ಕೋಡ್‌ನಲ್ಲಿ ಕಮೆಂಟ್ ಬರೆಯೋಕೆ ಹಾಕ್ತೀವಲ್ಲ, ನೋಡೋಕೆ ಹಾಗೇ. ಮೂರನೆಯದು ಲೆಡ್ಜರ್, ಅಂದ್ರೆ ಖಾತೆ ಪುಸ್ತಕ. ಜರ್ನಲ್‌ನ ಒಂದೊಂದು ನಮೂದೂ ಇಲ್ಲಿ ಎರಡು ಸಲ ಬರಬೇಕು, ಒಂದು ಖಾತೆಯ ಎಡಕ್ಕೆ, ಇನ್ನೊಂದು ಖಾತೆಯ ಬಲಕ್ಕೆ.

ಡೆಬಿಟ್ ಕ್ರೆಡಿಟ್ ನಮಗೆ ತಲೆಕೆಡಿಸಿದ್ದು ಯಾಕೆ ಅಂದ್ರೆ ನಾವು ಅವನ್ನ ಪ್ಲಸ್ ಮೈನಸ್ ಅಂದ್ಕೊಂಡಿದ್ವಿ. ಪಾಚೋಲಿ ಕಾಲದ ಇಟಾಲಿಯನ್ ಮಾತುಗಳ ಅರ್ಥ ನೇರ: ಎಡಕ್ಕೆ ಇವನು ಕೊಡಬೇಕು, ಬಲಕ್ಕೆ ಇವನು ಪಡೀಬೇಕು. ಖಾತೆಯನ್ನ ಒಬ್ಬ ಮನುಷ್ಯ ಅಂತ ಅಂದ್ಕೊಂಡು ನೋಡಿ. ಪೆಟ್ಟಿಗೆಗೆ ದುಡ್ಡು ಹಾಕಿದ್ರೆ ಪೆಟ್ಟಿಗೆ ನಮಗೆ ಅಷ್ಟು ಕೊಡಬೇಕು, ಹಾಗಾಗಿ ಪೆಟ್ಟಿಗೆಗೆ ಡೆಬಿಟ್. ಇಷ್ಟು ತಿಳಿದ ಮೇಲೆ ಅಸೈನ್‌ಮೆಂಟ್‌ನ ಅರ್ಧ ಲೆಕ್ಕ ತಾನಾಗಿ ಬಂತು.

ಮೊದಲ ಪುಸ್ತಕದ ಮೇಲೆ ಶಿಲುಬೆಯ ಗುರುತು ಹಾಕಬೇಕು, ದೇವರ ಹೆಸರಲ್ಲಿ ಶುರು ಮಾಡಬೇಕು ಅಂತಲೂ ಅವರು ಬರೀತಾರೆ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟು ಶ್ರೀ ಅಂತ ಬರೆಯೋ ಅಂಗಡಿಗಳನ್ನ ನೋಡಿದ ನಮಗೆ ಇದು ಹೊಸದೇನೂ ಅನ್ನಿಸಲಿಲ್ಲ.

ಇನ್ನೊಂದು ಅಧ್ಯಾಯ ಮಾತ್ರ ನಮ್ಮನ್ನ ಸುಮ್ಮನೆ ಕೂರಿಸ್ತು. ಕೆಲವರು ಎರಡೆರಡು ಜೊತೆ ಪುಸ್ತಕ ಇಟ್ಕೊಂಡು, ಕೊಳ್ಳೋರಿಗೆ ಒಂದು, ಮಾರೋರಿಗೆ ಇನ್ನೊಂದು ತೋರಿಸ್ತಾರೆ, ಸಾಲದು ಅಂತ ಅದರ ಮೇಲೆ ಆಣೆ ಪ್ರಮಾಣ ಬೇರೆ ಮಾಡ್ತಾರೆ, ಇದು ದೊಡ್ಡ ಪಾಪ ಅಂತ ಅವರು ಬೇಸರದಿಂದ ಬರೆದಿದ್ದಾರೆ. ಅದಕ್ಕೆ ಪುಸ್ತಕಗಳನ್ನ ಮೊದಲೇ ವ್ಯಾಪಾರದ ಕಚೇರಿಗೆ ತಗೊಂಡು ಹೋಗಿ ಮುದ್ರೆ ಹಾಕಿಸಿ ಅಂತ ಸಲಹೆ.

ಆ ರಾತ್ರಿ

ಯಾಕೆ ಸುಮ್ಮನೆ ಕೂರಿಸ್ತು ಅಂದ್ರೆ, ಆ ಹೊತ್ತಿಗೆ ನಮ್ಮ ರೂಮಲ್ಲೂ ಒಂದು ಐಡಿಯಾ ಹುಟ್ಟಿತ್ತು. ನಮ್ಮ ಟ್ರಯಲ್ ಬ್ಯಾಲೆನ್ಸ್‌ನಲ್ಲಿ, ಅಂದ್ರೆ ತಾಳೆಪಟ್ಟಿಯಲ್ಲಿ, ಡೆಬಿಟ್ ಕಡೆ 360 ಜಾಸ್ತಿ ಇತ್ತು. ಹಾಗಾದ್ರೆ ಕ್ರೆಡಿಟ್ ಕಡೆ ಯಾರೋ ಅಭಿಮಾನಿಗಳ ದೇಣಿಗೆ 360 ಅಂತ ಒಂದು ಸಾಲು ಬರೆದುಬಿಟ್ರೆ ಆಯ್ತು. ಬೆಳಿಗ್ಗೆ ಒಪ್ಪಿಸಬೇಕು, ಯಾರು ನೋಡ್ತಾರೆ? ಪೆಟ್ಟಿಗೆ ಇಟ್ಕೊಂಡಿದ್ದವನೂ ತಲೆ ಆಡಿಸಿದ. ಅವನಿಗೆ ಈ ವಿಷಯ ಮುಗಿದ್ರೆ ಸಾಕಾಗಿತ್ತು. ಬೇಕಾದ್ರೆ ತನ್ನ ಜೇಬಿಂದಲೇ ಹಾಕ್ತೀನಿ ಅಂತಲೂ ಅಂದ. ಹಾಕಿದ್ರೆ ಅವನೇ ತಗೊಂಡಿದ್ದ ಅಂತ ಆಗುತ್ತಲ್ಲ ಅನ್ನೋದು ನಮಗ್ಯಾರಿಗೂ ಆಗ ಹೊಳೀಲಿಲ್ಲ.

ತಾಳೆ ಆಗದಿದ್ರೆ ಏನು ಮಾಡಬೇಕು ಅಂತ ಪಾಚೋಲಿ ಕೊನೆಯ ಅಧ್ಯಾಯಗಳಲ್ಲಿ ಹೇಳಿದ್ದಾರೆ. ಇದು ಒಬ್ಬನೇ ಮಾಡೋ ಕೆಲಸ ಅಲ್ಲ. ಒಬ್ಬ ಜರ್ನಲ್ ಹಿಡ್ಕೊಂಡು ಒಂದೊಂದೇ ನಮೂದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಲೆಡ್ಜರ್ ಹಿಡ್ಕೊಂಡು ಅದು ಎರಡು ಕಡೆಯೂ ಇದೆಯಾ ಅಂತ ನೋಡಿ ಗುರುತು ಹಾಕಬೇಕು. ದೇವರು ಕೊಟ್ಟ ಬುದ್ಧಿ ಉಪಯೋಗಿಸಿ ತಪ್ಪು ಸಿಗೋವರೆಗೂ ಹುಡುಕಬೇಕು.

ಸರಿ, ರಾತ್ರಿ ಒಂದೂವರೆಗೆ ಶುರು ಮಾಡಿದ್ವಿ. ಜರ್ನಲ್ ಓದಿದ್ದು ಪೆಟ್ಟಿಗೆ ಇಟ್ಕೊಂಡಿದ್ದವನೇ. ಹೂವು, ಬಾವುಟ, ಮೈಕ್ ಸೆಟ್, ಅತಿಥಿಗಳಿಗೆ ಹಾರ, ಕಡ್ಲೆಪುರಿ. ಅರ್ಧ ದಾಟಿದ ಮೇಲೆ ಬ್ಯಾನರ್ ಬಂತು. ಅವನು ಓದಿದ್ದು 1,260. ಲೆಡ್ಜರ್‌ನಲ್ಲಿ ನಗದು ಖಾತೆಯ ಬಲಕ್ಕೆ 1,260 ಅಂತಲೇ ಇತ್ತು. ಬ್ಯಾನರ್ ಖಾತೆಯ ಎಡಕ್ಕೆ 1,620. ಅದನ್ನ ಬರೆದಿದ್ದು ಅವನಲ್ಲ, ಅವನ ಮುಖ ನೋಡಿದ ನಾವು.

ಎಂಜಿನಿಯರಿಂಗ್ ಹುಡುಗರಿಗೆ ಒಂದು ಮಾತು. ಅಂಕಿ ಅದಲು ಬದಲಾದ್ರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗ ಆಗುತ್ತೆ. 360 ಅಂದ್ರೆ 9 ಸಲ 40. ಇದು ಮೊದಲೇ ಗೊತ್ತಿದ್ರೆ ಬೇಗ ಮಲಗಬಹುದಿತ್ತು. ಪಾಚೋಲಿ ಪುಸ್ತಕದಲ್ಲಿ ಗುಣಾಕಾರ ಪರೀಕ್ಷೆಗೆ 9ರ ತಾಳೆ ಇದೆ, ಅಂಕಿಗಳನ್ನ ಕೂಡಿ 9 ಕಳೆಯೋದು. ಆದ್ರೆ 1,260ಕ್ಕೂ 1,620ಕ್ಕೂ ಅಂಕಿಗಳ ಮೊತ್ತ 9. ಆ ಪರೀಕ್ಷೆಗೆ ಈ ತಪ್ಪು ಕಾಣಲ್ಲ. ಎರಡು ಕಡೆ ಬರೆಯೋ ಪದ್ಧತಿಗೆ ಕಾಣುತ್ತೆ.

ಸುಳ್ಳು ದೇಣಿಗೆ ಬರೆದಿದ್ರೆ? ಪಟ್ಟಿ ತಾಳೆ ಆಗ್ತಿತ್ತು. ಬ್ಯಾನರ್‌ಗೆ ಕೊಡದ 360 ಖರ್ಚಾದ ಹಾಗೆ, ಯಾರೂ ಕೊಡದ 360 ದೇಣಿಗೆ ಬಂದ ಹಾಗೆ. ಎರಡು ಸುಳ್ಳು ಒಂದಕ್ಕೊಂದು ಸರಿಹೋಗ್ತಿತ್ತು. ಪಾಲುದಾರರ ಲೆಕ್ಕದಲ್ಲಿ 9,000 ಸರಿ ಬಂದ ಹಾಗೆಯೇ. ತಾಳೆ ಆಗದ ಪಟ್ಟಿ ತಪ್ಪಿದೆ ಅಂತ ಖಂಡಿತ ಹೇಳುತ್ತೆ, ತಾಳೆ ಆದ ಪಟ್ಟಿ ಸರಿ ಇದೆ ಅಂತ ಹೇಳಲ್ಲ. ಅದನ್ನ ಬರೆದವನೇ ಹೇಳಬೇಕು.

ಲಿಯೊನಾರ್ಡೊನ ಗೆಳೆಯ

ಮತ್ತೆ ಪಾಚೋಲಿಗೆ ಬರೋಣ. ಸುಮ್ಮಾ ಅಚ್ಚಾದ ಮೇಲೆ ಅವರ ಹೆಸರು ಎಲ್ಲ ಕಡೆ ಹರಡಿತು. ಅದನ್ನ ಕೊಂಡವರಲ್ಲಿ ಲಿಯೊನಾರ್ಡೊ ಡಾ ವಿಂಚಿಯೂ ಒಬ್ಬರು. 119 ಸೋಲ್ದಿ ಕೊಟ್ಟು ತಗೊಂಡಿದ್ದನ್ನ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಸುಮಾರು 1496ರಲ್ಲಿ ಮಿಲಾನ್‌ನ ದೊರೆ ಲುದೊವಿಕೊ ಸ್ಫೋರ್ಜಾ ಪಾಚೋಲಿಯನ್ನ ಆಸ್ಥಾನಕ್ಕೆ ಕರೆಸಿದ. ಲಿಯೊನಾರ್ಡೊ ಆಗ ಅಲ್ಲೇ ಕೊನೆಯ ಭೋಜನದ ಚಿತ್ರ ಬರೀತಿದ್ದರು. ಇಬ್ಬರೂ ಗೆಳೆಯರಾದರು. ವರ್ಗಮೂಲಗಳ ಗುಣಾಕಾರವನ್ನ ಲೂಕಾ ಮೇಷ್ಟ್ರ ಹತ್ತಿರ ಕಲೀಬೇಕು ಅಂತ ಲಿಯೊನಾರ್ಡೊ ತಮಗೆ ತಾವೇ ಒಂದು ಟಿಪ್ಪಣಿ ಬರೆದುಕೊಂಡಿದ್ದಾರೆ. ಜಗತ್ತಿನ ಅತಿ ದೊಡ್ಡ ಪ್ರತಿಭೆಗೂ ಟ್ಯೂಷನ್ ಬೇಕಾಗಿತ್ತು.

ಪಾಚೋಲಿ ಬರೆದ ದೈವಿಕ ಅನುಪಾತದ ಪುಸ್ತಕಕ್ಕೆ ಘನಾಕೃತಿಗಳ ಚಿತ್ರ ಬರೆದುಕೊಟ್ಟಿದ್ದು ಲಿಯೊನಾರ್ಡೊ. 1509ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಆ ಪುಸ್ತಕದ ಚಿತ್ರಗಳನ್ನ ಒಮ್ಮೆ ನೋಡಿ, ನಮ್ಮ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟ್ ಹರಿದು ಹಾಕೋಣ ಅನ್ನಿಸುತ್ತೆ. 1499ರಲ್ಲಿ ಫ್ರೆಂಚರು ಮಿಲಾನ್ ಹಿಡಿದಾಗ ಇಬ್ಬರೂ ಊರು ಬಿಟ್ಟು ಮಾಂಟುವಾ ಮೂಲಕ ಫ್ಲಾರೆನ್ಸ್ ಸೇರಿದರು.

ಅವರ ಮೇಲೆ ಒಂದು ಕಪ್ಪು ಚುಕ್ಕೆಯೂ ಇದೆ. ಚಿತ್ರಕಾರ ಮತ್ತು ಗಣಿತಜ್ಞ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಇವರ ಊರಿನವರೇ. ಅವರ ಕೆಲಸವನ್ನ ಪಾಚೋಲಿ ತಮ್ಮದು ಅಂತ ಹಾಕಿಕೊಂಡರು ಅಂತ 1550ರಲ್ಲಿ ವಸಾರಿ ಅನ್ನೋ ಲೇಖಕ ಆರೋಪ ಮಾಡಿದ. ದೈವಿಕ ಅನುಪಾತದ ಪುಸ್ತಕದ ಕೊನೆಯ ಭಾಗ ಪಿಯೆರೊ ಅವರ ಕೃತಿಯ ಇಟಾಲಿಯನ್ ಅನುವಾದವೇ, ಅವರ ಹೆಸರಿಲ್ಲದೆ. ಸಾಲಗಾರರ ಹೆಸರು ಬರೀಲೇಬೇಕು ಅಂತ ಜಗತ್ತಿಗೆ ಕಲಿಸಿದವರು ಒಂದು ಸಾಲ ಬರೆಯೋದು ಬಿಟ್ಟರು. ಗೌರವ ಇಟ್ಕೊಂಡೇ ಇದನ್ನೂ ಇಲ್ಲಿ ನಮೂದಿಸ್ತಿದ್ದೀವಿ.

ಕೊನೆಯ ವರ್ಷಗಳಲ್ಲೂ ಪಾಠ ನಿಲ್ಲಲಿಲ್ಲ. 1508ರಲ್ಲಿ ವೆನಿಸ್‌ನ ಒಂದು ಚರ್ಚಿನಲ್ಲಿ ಯೂಕ್ಲಿಡ್ ಬಗ್ಗೆ ಉಪನ್ಯಾಸ, 1509ರಲ್ಲಿ ಯೂಕ್ಲಿಡ್‌ನ ಲ್ಯಾಟಿನ್ ಆವೃತ್ತಿ, 1514ರಲ್ಲಿ ಪೋಪ್ ಕರೆಯ ಮೇಲೆ ರೋಮ್. 1517ರಲ್ಲಿ ಹುಟ್ಟಿದೂರು ಸಾನ್‌ಸೆಪೋಲ್ಕ್ರೊದಲ್ಲೇ ತೀರಿಕೊಂಡರು. ಸುಮ್ಮಾ 1523ರಲ್ಲಿ ಎರಡನೇ ಸಲ ಅಚ್ಚಾಯ್ತು. 1994ರಲ್ಲಿ, ಪುಸ್ತಕಕ್ಕೆ 500 ವರ್ಷ ಆದಾಗ, ಇಟಲಿ ಸರ್ಕಾರ 500 ಲೀರಾ ನಾಣ್ಯದ ಮೇಲೆ ಅವರ ಮುಖ ಹಾಕಿತು. ಬಡತನದ ವ್ರತ ಹಿಡಿದ ಸನ್ಯಾಸಿ ನಾಣ್ಯದ ಮೇಲೆ!

ನಮ್ಮ ರಾಜ್ಯೋತ್ಸವದ ಲೆಕ್ಕ ಮರುದಿನ ಒಪ್ಪಿಸಿದ್ವಿ. 1,620 ಅನ್ನೋದನ್ನ ಅಳಿಸಲಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ 1,260 ಬರೆದು ಸಹಿ ಹಾಕಿದ್ವಿ, ತಪ್ಪಾಗಿದ್ದು ಎಲ್ಲರಿಗೂ ಕಾಣೋ ಹಾಗೆ. ಪೆಟ್ಟಿಗೆ ಇಟ್ಕೊಂಡಿದ್ದ ಗೆಳೆಯನ ಹತ್ತಿರ ಕ್ಯಾಂಟೀನ್‌ನಲ್ಲಿ ಸಾರಿ ಕೇಳಿದ್ವಿ. ಅವನು ಏನೂ ಮಾತಾಡಲಿಲ್ಲ, ಎರಡು ಪ್ಲೇಟ್ ಮಸಾಲೆ ದೋಸೆ ಆರ್ಡರ್ ಮಾಡಿ ಬಿಲ್ ನಮ್ಮ ಕಡೆ ತಳ್ಳಿದ. ಅದನ್ನ ಸಂಘದ ಲೆಕ್ಕದಲ್ಲಿ ಬರೆದಿಲ್ಲ, ನಮ್ಮ ಜೇಬಿನದ್ದೇ.

ಈ ವರ್ಷವೂ ಪೆಟ್ಟಿಗೆ ಅವನ ಹತ್ತಿರವೇ ಇದೆ.